ಗ್ರಾಮೀಣ ಆರೋಗ್ಯ ಸೇವೆಯಲ್ಲಿ ಡಿಜಿಟಲ್ ಸಾಧನಗಳು: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ವಿಷಯಗಳು

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳನ್ನು ಒಳಗೊಂಡ ಆರೋಗ್ಯ ಮತ್ತು ನೈರ್ಮಲ್ಯವು ಅವುಗಳಲ್ಲಿ 23ನೆಯದು. ಬಹುಕಾಲ ಈ ಹೊಣೆಯನ್ನು ಚರಂಡಿ ಸ್ವಚ್ಛತೆ, ಕುಡಿಯುವ ನೀರು, ಸೊಳ್ಳೆ ನಿಯಂತ್ರಣ ಇವುಗಳ ಮಿತಿಯಲ್ಲಿಯೇ ಗ್ರಹಿಸಲಾಗುತ್ತಿತ್ತು. ಈಗ ಆ ಮಿತಿ ಸಾಲದು.

ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದರಂತೆ ಇರಬೇಕಾದ ಉಪಕೇಂದ್ರಗಳನ್ನು 2018ರ ನಂತರ ಹಂತ ಹಂತವಾಗಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಲಾಯಿತು. 2023ರಿಂದ ಅವುಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಕರೆಯಲಾಗುತ್ತಿದೆ. ಪಾದರಸದ ರಕ್ತದೊತ್ತಡ ಮಾಪಕ, ತಕ್ಕಡಿ ಮತ್ತು ದಪ್ಪನೆಯ ವಹಿಗಳಿದ್ದ ಮೇಜಿನ ಮೇಲೆ ಈಗ ಡಿಜಿಟಲ್ ಮಾಪಕ, ಗ್ಲುಕೋಮೀಟರ್, ಹಿಮೋಗ್ಲೋಬಿನ್ ಮಾಪಕ, ಟ್ಯಾಬ್ಲೆಟ್ ಮತ್ತು ವಿಡಿಯೋ ಕರೆಯ ವ್ಯವಸ್ಥೆ ಬಂದಿವೆ. ಸಮುದಾಯ ಆರೋಗ್ಯ ಅಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರು ಇವುಗಳನ್ನು ಪ್ರತಿದಿನ ಬಳಸುತ್ತಿದ್ದಾರೆ.

ಈ ಸಾಧನಗಳ ಕುರಿತು ಎರಡು ತಪ್ಪು ಕಲ್ಪನೆಗಳಿವೆ. ಯಂತ್ರ ಬಂದ ಮೇಲೆ ವೈದ್ಯರ ಕೊರತೆ ತಾನಾಗಿಯೇ ನೀಗುತ್ತದೆ ಎಂಬುದು ಒಂದು. ಇದು ಆರೋಗ್ಯ ಇಲಾಖೆಗೆ ಸೇರಿದ ತಾಂತ್ರಿಕ ವಿಷಯ, ಪಂಚಾಯಿತಿಗೆ ಇದರಲ್ಲಿ ಕೆಲಸವಿಲ್ಲ ಎಂಬುದು ಇನ್ನೊಂದು. ವಾಸ್ತವದಲ್ಲಿ ಸಾಧನವು ಅಳತೆಯನ್ನಷ್ಟೇ ನೀಡುತ್ತದೆ. ಅಳತೆ ಸರಿಯಾಗಿರಲು ಬೇಕಾದ ವಿದ್ಯುತ್, ಸಂಪರ್ಕ ಮತ್ತು ಸ್ಥಳಾವಕಾಶ ಹಾಗೂ ಅಳತೆಯ ನಂತರ ರೋಗಿಯನ್ನು ಚಿಕಿತ್ಸೆಯವರೆಗೆ ತಲುಪಿಸುವ ವ್ಯವಸ್ಥೆ ಊರಿನಲ್ಲಿಯೇ ರೂಪುಗೊಳ್ಳಬೇಕು. ಆ ಭಾಗವು ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ಕೈಯಲ್ಲಿದೆ.

ದೂರದಿಂದಲೇ ವೈದ್ಯರ ಸಲಹೆ: ಇ-ಸಂಜೀವಿನಿ

ಟೆಲಿಮೆಡಿಸಿನ್ ರಾಜ್ಯಕ್ಕೆ ಹೊಸತಲ್ಲ. 2002ರಲ್ಲಿಯೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಅಂದು ಅದಕ್ಕೆ ಡಿಷ್ ಆಂಟೆನಾ ಮತ್ತು ವಿಶೇಷ ಕೊಠಡಿ ಬೇಕಾಗಿದ್ದವು. ಇಂದು ಒಂದು ಕಂಪ್ಯೂಟರ್ ಮತ್ತು ಸ್ಥಿರವಾದ ಇಂಟರ್ನೆಟ್ ಇದ್ದರೆ ಸಾಕು.

ಕೇಂದ್ರ ಆರೋಗ್ಯ ಸಚಿವಾಲಯದ ಇ-ಸಂಜೀವಿನಿ ವ್ಯವಸ್ಥೆಯನ್ನು ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದೆ. 2019ರಲ್ಲಿ ಆರಂಭವಾದ ಈ ಸೇವೆಯಡಿ 2023ರ ಫೆಬ್ರವರಿ ವೇಳೆಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳು ನಡೆದಿದ್ದವು. ಇದು ಎರಡು ಬಗೆಯಲ್ಲಿ ಕಾರ್ಯನಿರ್ವಹಿಸುತ್ತದೆ. ಮೊದಲನೆಯದರಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯನ್ನು ಪರೀಕ್ಷಿಸಿ, ವಿವರ ದಾಖಲಿಸಿ, ವಿಡಿಯೋ ಕರೆಯ ಮೂಲಕ ವೈದ್ಯರನ್ನು ಸಂಪರ್ಕಿಸುತ್ತಾರೆ. ವೈದ್ಯರು ನೀಡುವ ವಿದ್ಯುನ್ಮಾನ ಔಷಧ ಚೀಟಿಯ ಆಧಾರದಲ್ಲಿ ಕೇಂದ್ರದಲ್ಲಿಯೇ ಮಾತ್ರೆ ದೊರೆಯುತ್ತದೆ. ಎರಡನೆಯದರಲ್ಲಿ ರೋಗಿಯೇ ಮನೆಯಿಂದ ಮೊಬೈಲ್ ಮೂಲಕ ವೈದ್ಯರನ್ನು ಸಂಪರ್ಕಿಸುತ್ತಾನೆ. ಗ್ರಾಮಾಂತರ ಪ್ರದೇಶಕ್ಕೆ ಮೊದಲನೆಯ ಬಗೆಯೇ ಹೆಚ್ಚು ಸೂಕ್ತ. ನಾಡಿ, ಜ್ವರ, ರಕ್ತದೊತ್ತಡಗಳನ್ನು ನೋಡಬಲ್ಲ ತರಬೇತಿ ಪಡೆದ ವ್ಯಕ್ತಿಯೊಬ್ಬರು ರೋಗಿಯ ಪಕ್ಕದಲ್ಲಿರುವುದೇ ಇದಕ್ಕೆ ಕಾರಣ.

ಇದರಿಂದ ಆಗುವ ಉಳಿತಾಯವನ್ನು ಕೂಲಿಯ ಲೆಕ್ಕದಲ್ಲಿ ನೋಡಬೇಕು. ರಕ್ತದೊತ್ತಡದ ಮಾತ್ರೆಯ ಮುಂದುವರಿಕೆಗಾಗಿ ಅಥವಾ ಚರ್ಮದ ತುರಿಕೆಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗುವ ಕೃಷಿ ಕಾರ್ಮಿಕರು ಬಸ್ ದರದ ಜೊತೆಗೆ ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳುತ್ತಾರೆ. ಅನೇಕರು ಈ ಕಾರಣಕ್ಕಾಗಿಯೇ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಊರಿನಲ್ಲಿಯೇ ಸಲಹೆ ಮತ್ತು ಔಷಧ ದೊರೆತರೆ ಚಿಕಿತ್ಸೆ ಮುಂದುವರಿಯುತ್ತದೆ.

ಇದರ ಮಿತಿಯನ್ನೂ ಸದಸ್ಯರು ಅರಿತಿರಬೇಕು. ಪರದೆಯ ಆಚೆಗಿರುವ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಲಾರರು. ಎದೆನೋವು, ಉಸಿರಾಟದ ತೀವ್ರ ತೊಂದರೆ, ಹಾವು ಕಡಿತ, ಫಿಟ್ಸ್, ಗರ್ಭಿಣಿಯರ ರಕ್ತಸ್ರಾವ ಮುಂತಾದ ಸಂದರ್ಭಗಳಲ್ಲಿ ವಿಡಿಯೋ ಕರೆಗಾಗಿ ಕಾಯದೆ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು. 2020ರ ಮಾರ್ಚ್ 25ರಂದು ಹೊರಡಿಸಲಾದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಾದಕ ಗುಣವುಳ್ಳ ಔಷಧಗಳನ್ನು ಈ ಮಾರ್ಗದಲ್ಲಿ ಬರೆದುಕೊಡುವಂತಿಲ್ಲ. ಆರೋಗ್ಯ ಕಾರ್ಯಕರ್ತರೇ ಸಮಾಲೋಚನೆಯನ್ನು ಆರಂಭಿಸಿದಲ್ಲಿ ರೋಗಿಯ ಸ್ಪಷ್ಟ ಒಪ್ಪಿಗೆ ಪಡೆಯುವುದು ಕಡ್ಡಾಯ.

ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಟೆಲಿ-ಮಾನಸ್ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಲ, ಬೆಳೆನಷ್ಟ, ಕುಡಿತ, ಕುಟುಂಬ ಕಲಹಗಳಿಂದ ನೊಂದವರು ಆಸ್ಪತ್ರೆಯ ಬಾಗಿಲಿಗೆ ಹೋಗಲು ಹಿಂಜರಿಯುವುದರಿಂದ ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ಬರೆಸುವುದು ಉಪಯುಕ್ತ.

ಅಳತೆ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ

30 ವರ್ಷ ಮೇಲ್ಪಟ್ಟವರಲ್ಲಿ ಅಧಿಕ ರಕ್ತದೊತ್ತಡ, ಮಧುಮೇಹ ಮತ್ತು ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆ ಉಪಕೇಂದ್ರಗಳ ನಿಯತ ಕೆಲಸವಾಗಿದೆ. ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯು ಇದೇ ತಪಾಸಣೆಯನ್ನು ಮನೆ ಬಾಗಿಲಿಗೆ ಕೊಂಡೊಯ್ಯುತ್ತದೆ. ಈ ಕೆಲಸದಲ್ಲಿ ಬಳಸುವ ಮೂರು ಸಾಧನಗಳು ಹೇಗೆ ತಪ್ಪಬಹುದು ಎಂಬುದನ್ನು ತಿಳಿದರೆ ಸದಸ್ಯರು ಸರಿಯಾದ ಪ್ರಶ್ನೆ ಕೇಳಬಲ್ಲರು.

ಡಿಜಿಟಲ್ ರಕ್ತದೊತ್ತಡ ಮಾಪಕವು ತೋಳಪಟ್ಟಿಯಲ್ಲಿ ಉಂಟಾಗುವ ನಾಡಿಯ ಕಂಪನವನ್ನು ಗ್ರಹಿಸಿ ಒತ್ತಡವನ್ನು ಲೆಕ್ಕಹಾಕುತ್ತದೆ. ನಡೆದು ಬಂದ ಕೂಡಲೇ ಅಳೆದರೆ, ಅಳೆಯುವಾಗ ಮಾತನಾಡಿದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಥವಾ ಕೈ ಜೋತುಬಿದ್ದಿದ್ದರೆ ಅಂಕಿ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಎರಡು ಬಾರಿ ಅಳೆಯುವುದು ಸರಿಯಾದ ಕ್ರಮ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದಲ್ಲಿ ವೈದ್ಯರ ಖಚಿತಪಡಿಸುವಿಕೆ ಅಗತ್ಯ. ಬಾಗಿಲಲ್ಲಿ ನಿಂತೇ ಅಳೆಸಿಕೊಳ್ಳುವ ಸಾಲು ಇರುವ ಕೇಂದ್ರಕ್ಕೆ ಬೆನ್ನಾಸರೆಯ ನಾಲ್ಕು ಕುರ್ಚಿಗಳನ್ನು ಒದಗಿಸುವುದು ಪಂಚಾಯಿತಿಗೆ ಅಲ್ಪ ವೆಚ್ಚದ ಕೆಲಸ. ಅದು ಅಳತೆಯ ಗುಣಮಟ್ಟವನ್ನು ನೇರವಾಗಿ ಸುಧಾರಿಸುತ್ತದೆ.

ಗ್ಲುಕೋಮೀಟರ್ ರಕ್ತದ ಹನಿಯಲ್ಲಿನ ಸಕ್ಕರೆಯು ಪಟ್ಟಿಯ ಮೇಲಿನ ರಾಸಾಯನಿಕದೊಂದಿಗೆ ವರ್ತಿಸುವಾಗ ಉಂಟಾಗುವ ಸೂಕ್ಷ್ಮ ವಿದ್ಯುತ್ತನ್ನು ಅಳೆಯುತ್ತದೆ. ಆದುದರಿಂದ ಯಂತ್ರಕ್ಕಿಂತ ಪಟ್ಟಿಯೇ ಹೆಚ್ಚು ಸೂಕ್ಷ್ಮ. ಬಿಸಿಲಿನಲ್ಲಿಟ್ಟ, ತೇವ ತಗುಲಿದ ಅಥವಾ ಅವಧಿ ಮೀರಿದ ಪಟ್ಟಿಯಿಂದ ತಪ್ಪು ಅಂಕಿ ಬರುತ್ತದೆ. ಬೆಲ್ಲ ಅಥವಾ ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಆರೋಗ್ಯವಂತರಿಗೂ ಮಧುಮೇಹವಿರುವಂತೆ ತೋರಬಹುದು. ಉಪಕೇಂದ್ರದ ಹೊರಗೆ ನಲ್ಲಿ ಮತ್ತು ಸಾಬೂನು ಇರುವುದು ಈ ಪರೀಕ್ಷೆಯ ಅಗತ್ಯಗಳಲ್ಲಿ ಒಂದು.

ಹಿಮೋಗ್ಲೋಬಿನ್ ಮಾಪಕವು ರಕ್ತಹೀನತೆಯನ್ನು ಸ್ಥಳದಲ್ಲಿಯೇ ಪತ್ತೆಹಚ್ಚುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರಲ್ಲಿ ಪ್ರತಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ; 7 ಗ್ರಾಂಗಿಂತ ಕಡಿಮೆಯಿದ್ದರೆ ಅದು ತೀವ್ರ ಸ್ವರೂಪದ್ದು, ವಿಳಂಬವಿಲ್ಲದೆ ಮೇಲಿನ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಕಡಿಮೆ ಬರುತ್ತದೆ ಎಂಬುದನ್ನು ಪರೀಕ್ಷಿಸುವವರು ಗಮನದಲ್ಲಿಡಬೇಕು.

ಎಷ್ಟು ಜನರ ತಪಾಸಣೆ ಆಯಿತು ಎಂಬ ಅಂಕಿ ಪ್ರತಿ ತಿಂಗಳ ವರದಿಯಲ್ಲಿ ಇರುತ್ತದೆ. ಹೆಚ್ಚಿನ ಅಂಕಿ ಬಂದವರಲ್ಲಿ ಎಷ್ಟು ಮಂದಿ ವೈದ್ಯರನ್ನು ಕಂಡರು, ಎಷ್ಟು ಮಂದಿ ಮೂರು ತಿಂಗಳ ನಂತರವೂ ಮಾತ್ರೆ ಸೇವಿಸುತ್ತಿದ್ದಾರೆ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಚುಚ್ಚಿದ ಸೂಜಿಗಳ ವಿಲೇವಾರಿಯನ್ನೂ ಮರೆಯಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಇವು ಪಂಚಾಯಿತಿಯ ಕಸದ ವಾಹನಕ್ಕೆ ಸೇರಿದರೆ ಸ್ವಚ್ಛ ವಾಹಿನಿಯ ಸಿಬ್ಬಂದಿಯ ಕೈಗೇ ಮೊದಲು ಚುಚ್ಚುತ್ತವೆ.

ಹೃದಯಾಘಾತ: ಗಂಟೆಗಳ ಲೆಕ್ಕ

ಹೃದಯಕ್ಕೆ ರಕ್ತ ಪೂರೈಸುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಪೂರ್ಣವಾಗಿ ಮುಚ್ಚಿದಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪನ್ನು ಬೇಗನೆ ಕರಗಿಸಿದಷ್ಟೂ ಉಳಿಯುವ ಸ್ನಾಯು ಹೆಚ್ಚು. ಮೊದಲ ಒಂದೆರಡು ಗಂಟೆಗಳಲ್ಲಿ ದೊರೆತ ಚಿಕಿತ್ಸೆಯ ಫಲ ಅತ್ಯಧಿಕ. ಹಿಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಿಲ್ಲದ ಕಾರಣ ರೋಗಿಯನ್ನು ದೂರದ ನಗರಕ್ಕೆ ಕಳುಹಿಸುವಷ್ಟರಲ್ಲಿ ಈ ಅವಧಿ ಮುಗಿದುಹೋಗುತ್ತಿತ್ತು.

ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಈ ಅಂತರವನ್ನು ತುಂಬುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಕೆಲವೇ ನಿಮಿಷಗಳಲ್ಲಿ ವಿಶ್ಲೇಷಿಸುತ್ತದೆ. ಹೃದಯಾಘಾತದ ಲಕ್ಷಣ ಕಂಡಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಂತಹ ಉನ್ನತ ಕೇಂದ್ರದ ತಜ್ಞರ ಮಾರ್ಗದರ್ಶನದಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ಖಾಸಗಿಯಾಗಿ ಖರೀದಿಸಿದರೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕಾಗುತ್ತದೆ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ರಕ್ತಸ್ರಾವ ಆಗಿದ್ದವರಿಗೆ ಈ ಔಷಧ ಅಪಾಯಕಾರಿಯಾಗಬಹುದಾದ್ದರಿಂದ ನಿರ್ಧಾರ ವೈದ್ಯರದೇ ಆಗಿರುತ್ತದೆ. ತಂತ್ರಾಂಶವು ಎಚ್ಚರಿಕೆ ನೀಡುವ ಸಾಧನ ಮಾತ್ರ.

ಈ ಸರಪಳಿಯ ಮೊದಲ ಕೊಂಡಿ ಊರಿನಲ್ಲಿದೆ. ಎದೆ ಬಿಗಿತವನ್ನು ಗ್ಯಾಸ್ ಎಂದು ಭಾವಿಸಿ, ಸೋಡಾ ಕುಡಿದು, ಬೆಳಗಾಗಲಿ ಎಂದು ಕಾಯುವ ರೂಢಿ ವ್ಯಾಪಕವಾಗಿದೆ. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಎದೆನೋವಿಲ್ಲದೆ ಕೇವಲ ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದು ಪ್ರತಿ ವಾರ್ಡಿನ ಜನರಿಗೂ ತಿಳಿದಿರಬೇಕು. ತೋಟದ ಮನೆಗಳಿಗೆ ಆಂಬುಲೆನ್ಸ್ ತಲುಪಬಲ್ಲ ದಾರಿ, ಕವಲುಗಳಲ್ಲಿ ನಾಮಫಲಕ ಮತ್ತು ಉರಿಯುವ ಬೀದಿ ದೀಪ ಇರಬೇಕು. ಇವು ಪಂಚಾಯಿತಿಯ ನಿತ್ಯದ ಕೆಲಸಗಳೇ ಆದರೂ ಹೃದಯಾಘಾತದ ರಾತ್ರಿ ಅವುಗಳಿಂದ ಉಳಿಯುವ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು.

ಕ್ಷಯಮುಕ್ತ ಪಂಚಾಯಿತಿ: ಅಂಕಿಯ ಹಿಂದಿನ ಸತ್ಯ

ಕ್ಷಯರೋಗದ ಪತ್ತೆಯಲ್ಲಿ ಹೊಸ ಸಾಧನಗಳು ದೊಡ್ಡ ಬದಲಾವಣೆ ತಂದಿವೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಕಫದಲ್ಲಿ ರೋಗಾಣುಗಳು ಹೆಚ್ಚಿನ ಸಂಖ್ಯೆಯಲ್ಲಿರಬೇಕು. ಟ್ರೂನಾಟ್ ಎಂಬ ಭಾರತದಲ್ಲಿಯೇ ರೂಪುಗೊಂಡ ಬ್ಯಾಟರಿಚಾಲಿತ ಯಂತ್ರವು ರೋಗಾಣುವಿನ ಡಿಎನ್‌ಎ ತುಣುಕನ್ನು ವರ್ಧಿಸಿ ಗುರುತಿಸುವುದರಿಂದ ಅಲ್ಪ ಪ್ರಮಾಣದ ಸೋಂಕನ್ನೂ ಪತ್ತೆಹಚ್ಚುತ್ತದೆ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಪ್ರತಿರೋಧ ಹೊಂದಿದೆಯೇ ಎಂಬುದನ್ನೂ ತಿಳಿಸುತ್ತದೆ. ಕೈಯಲ್ಲಿ ಹಿಡಿಯಬಹುದಾದ ಎಕ್ಸ್-ರೇ ಯಂತ್ರಗಳು ಊರಿನ ಸಮುದಾಯ ಭವನದವರೆಗೆ ಬರುತ್ತಿವೆ. 15 ವರ್ಷ ಮತ್ತು ಮೇಲ್ಪಟ್ಟವರ ಎಕ್ಸ್-ರೇ ಚಿತ್ರವನ್ನು ಕಂಪ್ಯೂಟರ್ ತಂತ್ರಾಂಶದಿಂದ ಓದಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದೆ. ಆದರೆ ಎಕ್ಸ್-ರೇಯು ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. ಕಫ ಪರೀಕ್ಷೆಯಿಂದ ಅದು ಖಚಿತವಾಗಬೇಕು.

2023ರಲ್ಲಿ ಆರಂಭವಾದ ಕ್ಷಯಮುಕ್ತ ಪಂಚಾಯಿತಿ ಉಪಕ್ರಮದ ಮಾನದಂಡಗಳನ್ನು ಸದಸ್ಯರು ಅರ್ಥ ಮಾಡಿಕೊಳ್ಳುವುದು ಅಗತ್ಯ. ವರ್ಷಕ್ಕೆ ಪ್ರತಿ 1,000 ಜನರಲ್ಲಿ ಕನಿಷ್ಠ 30 ಶಂಕಿತರ ಪರೀಕ್ಷೆ ನಡೆದಿರಬೇಕು. ಪತ್ತೆಯಾದ ಪ್ರಕರಣಗಳು ಪ್ರತಿ 1,000ಕ್ಕೆ ಒಂದನ್ನು ಮೀರಬಾರದು. ಚಿಕಿತ್ಸೆ ಪಡೆದವರಲ್ಲಿ ಶೇ. 85ರಷ್ಟಾದರೂ ಯಶಸ್ವಿಯಾಗಿ ಪೂರೈಸಿರಬೇಕು. 6,000 ಜನಸಂಖ್ಯೆಯ ಪಂಚಾಯಿತಿಯಲ್ಲಿ ವರ್ಷಕ್ಕೆ 180 ಪರೀಕ್ಷೆಗಳು ಆಗಬೇಕು ಎಂದಾಯಿತು. ಪರೀಕ್ಷೆಯನ್ನೇ ಮಾಡದೆ ಪ್ರಕರಣಗಳಿಲ್ಲ ಎಂದು ತೋರಿಸುವುದನ್ನು ತಡೆಯಲೆಂದೇ ಮೊದಲ ಮಾನದಂಡ ಇದೆ. ಪ್ರಮಾಣಪತ್ರದ ಆಸೆಯಿಂದ ರೋಗಿಯ ಹೆಸರನ್ನು ಬೇರೆ ಊರಿನ ಲೆಕ್ಕಕ್ಕೆ ಸೇರಿಸುವುದಾಗಲಿ, ಪರೀಕ್ಷೆಯನ್ನು ಮುಂದೂಡುವುದಾಗಲಿ ಮನೆಮಂದಿಗೆಲ್ಲ ಸೋಂಕು ಹರಡಲು ಎಡೆಮಾಡುತ್ತದೆ. ಮೊದಲ ವರ್ಷ ಪ್ರಕರಣಗಳು ಹೆಚ್ಚಾಗಿ ಪತ್ತೆಯಾದರೆ ಅದನ್ನು ಹಿನ್ನಡೆಯೆಂದು ಭಾವಿಸತಕ್ಕದ್ದಲ್ಲ.

ಪತ್ತೆಯಾದ ರೋಗಿಯ ವಿವರ ನಿಕ್ಷಯ್ ಜಾಲತಾಣದಲ್ಲಿ ದಾಖಲಾಗುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ ₹500ರಿಂದ ₹1,000ಕ್ಕೆ ಹೆಚ್ಚಿಸಲಾಗಿದೆ. ಆರು ತಿಂಗಳ ಚಿಕಿತ್ಸೆಗೆ ಇದು ₹6,000 ಆಗುತ್ತದೆ. ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದ್ದಲ್ಲಿ ಈ ಹಣ ತಲುಪುವುದಿಲ್ಲ. ಖಾತೆಯನ್ನು ಸರಿಪಡಿಸಲು ರೋಗಿಗೆ ನೆರವಾಗುವುದು ಸದಸ್ಯರು ಸದ್ದಿಲ್ಲದೆ ಮಾಡಬಹುದಾದ ದೊಡ್ಡ ಉಪಕಾರ.

ಲಸಿಕೆ: ಉಷ್ಣತೆಯ ಕಾವಲು ಮತ್ತು ಡಿಜಿಟಲ್ ದಾಖಲೆ

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಯಾದರೆ ಮಾತ್ರವಲ್ಲ, ಹೆಪ್ಪುಗಟ್ಟಿದರೂ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಮುಂತಾದ ಲಸಿಕೆಗಳು ಗುಣ ಕಳೆದುಕೊಳ್ಳುತ್ತವೆ. ಆರೋಗ್ಯ ಕೇಂದ್ರದ ಶೀತಲೀಕರಣ ಪೆಟ್ಟಿಗೆಗೆ ಅಳವಡಿಸಿದ ಇ-ವಿನ್ ಉಷ್ಣತಾಮಾಪಕವು ಸಿಮ್ ಮೂಲಕ ಮಾಹಿತಿ ರವಾನಿಸಿ, ಮಿತಿ ಮೀರಿದಾಗ ಸಿಬ್ಬಂದಿಯನ್ನು ಎಚ್ಚರಿಸುತ್ತದೆ. ದೀರ್ಘಕಾಲ ವಿದ್ಯುತ್ ಕಡಿತವಾದಾಗ ಬಂದ ಎಚ್ಚರಿಕೆಗೆ ಯಾರು ಸ್ಪಂದಿಸಬೇಕು ಎಂಬುದು ಮುಂಚಿತವಾಗಿ ನಿಶ್ಚಯವಾಗಿರಬೇಕು.

2024ರ ಅಕ್ಟೋಬರ್‌ನಲ್ಲಿ ದೇಶಾದ್ಯಂತ ಜಾರಿಗೆ ಬಂದ ಯು-ವಿನ್ ವ್ಯವಸ್ಥೆಯಲ್ಲಿ ಗರ್ಭಿಣಿಯರು ಮತ್ತು ಮಕ್ಕಳ ಲಸಿಕೆಯ ದಾಖಲೆ ಇರುತ್ತದೆ. ಕಬ್ಬು ಕಟಾವು, ಇಟ್ಟಿಗೆ ಗೂಡು, ಕಾಫಿ ತೋಟಗಳ ಕೆಲಸಕ್ಕೆ ಊರೂರು ಅಲೆಯುವ ಕುಟುಂಬಗಳ ಮಕ್ಕಳಿಗೆ ಇದು ವಿಶೇಷವಾಗಿ ಉಪಯುಕ್ತ. ಕಾರ್ಡ್ ಕಳೆದುಹೋದರೂ ಮುಂದಿನ ಡೋಸನ್ನು ಹೋದ ಊರಿನಲ್ಲಿಯೇ ಪಡೆಯಬಹುದು. ವಲಸೆ ಬಂದವರ ಬಿಡಾರಗಳು ಎಲ್ಲಿವೆ ಎಂಬ ಮಾಹಿತಿಯನ್ನು ಆಶಾ ಕಾರ್ಯಕರ್ತೆಗೆ ಮೊದಲು ನೀಡಬಲ್ಲವರು ವಾರ್ಡಿನ ಸದಸ್ಯರೇ.

ಆಭಾ ಸಂಖ್ಯೆ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ

ಇವೆರಡರ ನಡುವಿನ ಗೊಂದಲದಿಂದ ಜನರು ತೊಂದರೆಗೊಳಗಾಗುತ್ತಿದ್ದಾರೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಅದರಡಿ ನೀಡುವ ಆಭಾ 14 ಅಂಕಿಗಳ ಒಂದು ಗುರುತಿನ ಸಂಖ್ಯೆ. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆಯೊಂದಿಗೆ ಒಂದೆಡೆ ಜೋಡಿಸುವುದು ಅದರ ಉದ್ದೇಶ. ಅದರಿಂದ ಯಾವುದೇ ಹಣಕಾಸಿನ ನೆರವು ದೊರೆಯುವುದಿಲ್ಲ. ಚಿಕಿತ್ಸಾ ವೆಚ್ಚದ ನೆರವು ದೊರೆಯುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ ₹5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಂತೆ ವಾರ್ಷಿಕ ₹1.5 ಲಕ್ಷದವರೆಗೆ ನೆರವಿದೆ. ಆಭಾ ಸಂಖ್ಯೆ ಪಡೆಯುವುದು ಐಚ್ಛಿಕ. ಅದಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ನೋಂದಣಿಯಲ್ಲಿ ಮೊಬೈಲ್ ಸಂಖ್ಯೆಯ ಪ್ರಶ್ನೆ ಸೂಕ್ಷ್ಮವಾದುದು. ಸ್ವಂತ ಫೋನ್ ಇಲ್ಲದ ಮಹಿಳೆಯರ ಮತ್ತು ವೃದ್ಧರ ಹೆಸರಿಗೆ ನೆರೆಯವರ ಅಥವಾ ಸಂಬಂಧಿಕರ ಸಂಖ್ಯೆಯನ್ನು ಜೋಡಿಸಿದರೆ, ಅವರ ಆರೋಗ್ಯದ ಮಾಹಿತಿ ಮತ್ತೊಬ್ಬರ ಕೈಗೆ ಹೋಗುತ್ತದೆ. ಗರ್ಭಪಾತ, ಎಚ್‌ಐವಿ, ಮಾನಸಿಕ ಅಸ್ವಸ್ಥತೆ, ಕ್ಷಯ ಇವುಗಳ ಮಾಹಿತಿ ಹೊರಬಿದ್ದರೆ ಮದುವೆ ಸಂಬಂಧ, ಬಾಡಿಗೆ ಮನೆ, ಕೆಲಸ ಎಲ್ಲವೂ ಮುರಿಯಬಹುದು. ವೈಯಕ್ತಿಕ ಡಿಜಿಟಲ್ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾಯ್ದೆಯನ್ನೇ ರೂಪಿಸಿದೆ. ಆದುದರಿಂದ ರೋಗಿಗಳ ಹೆಸರಿನ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದುವುದು, ಸೂಚನಾ ಫಲಕಕ್ಕೆ ಹಚ್ಚುವುದು ಅಥವಾ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದು ಸರ್ವಥಾ ಸಲ್ಲದು. ಸಭೆಗೆ ಒಟ್ಟು ಸಂಖ್ಯೆಗಳು ಸಾಕು.

ಎಚ್ಚರಿಕೆ ವಹಿಸಬೇಕಾದ ಮೂರು ಸಂದರ್ಭಗಳು

ಮೊದಲನೆಯದು, ಕಾರ್ಡ್ ಮಾಡಿಸಿಕೊಡುವ ನೆಪದಲ್ಲಿ ಒಟಿಪಿ ಕೇಳುವ ಕರೆಗಳು. ಆರೋಗ್ಯ ಕಾರ್ಡಿಗಾಗಿ ಬ್ಯಾಂಕಿನ ಒಟಿಪಿ ಅಥವಾ ಪಿನ್ ಅಗತ್ಯವಿಲ್ಲ. ಹಣ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ದೂರು ನೀಡಬೇಕು.

ಎರಡನೆಯದು, ಕೈಯಲ್ಲಿ ಲೋಹದ ಕಡ್ಡಿ ಹಿಡಿಸಿ ಒಂದೇ ನಿಮಿಷದಲ್ಲಿ ಇಡೀ ದೇಹದ ವರದಿ ಕೊಡುವುದಾಗಿ ಹೇಳುವ ಶಿಬಿರಗಳು. ಇಂತಹ ಯಂತ್ರಗಳಿಗೆ ವೈಜ್ಞಾನಿಕ ಆಧಾರವಿಲ್ಲ. ವರದಿಯ ನಂತರ ದುಬಾರಿ ಪುಡಿ, ಮಾತ್ರೆಗಳನ್ನು ಮಾರುವುದೇ ಬಹುತೇಕ ಅವುಗಳ ಗುರಿ. ಸಮುದಾಯ ಭವನವನ್ನು ಶಿಬಿರಕ್ಕೆ ನೀಡುವ ಮೊದಲು ಆಯೋಜಕರ ನೋಂದಣಿಯನ್ನು ವಿಚಾರಿಸಿ, ವೈದ್ಯಾಧಿಕಾರಿಗಳ ಅಭಿಪ್ರಾಯ ಪಡೆಯುವುದು ಸೂಕ್ತ.

ಮೂರನೆಯದು ಅತ್ಯಂತ ಗಂಭೀರವಾದುದು. ಅಲ್ಟ್ರಾಸೌಂಡ್ ಯಂತ್ರ ಈಗ ಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದ್ದು, ನೋಂದಣಿಯಿಲ್ಲದ ಯಂತ್ರದ ಬಳಕೆಯೂ ಅಪರಾಧ. ತೋಟದ ಮನೆಯಲ್ಲಿ ಅಥವಾ ವಾಹನದಲ್ಲಿ ಸ್ಕ್ಯಾನಿಂಗ್ ನಡೆಯುತ್ತಿರುವ ಸುಳಿವು ದೊರೆತಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತಿಳಿಸುವುದು ಪ್ರತಿಯೊಬ್ಬ ಸದಸ್ಯರ ಕರ್ತವ್ಯ.

ಪಂಚಾಯಿತಿ ಒದಗಿಸಬೇಕಾದ ತಳಹದಿ

ವಿದ್ಯುತ್: ಉಪಕೇಂದ್ರದ ಅಗತ್ಯ ದೊಡ್ಡದಲ್ಲ. ಲ್ಯಾಪ್‌ಟಾಪ್‌ಗೆ 60, ರೂಟರ್‌ಗೆ 10, ಎರಡು ಎಲ್‌ಇಡಿ ದೀಪಗಳಿಗೆ 20, ಒಂದು ಫ್ಯಾನ್‌ಗೆ 60 ಎಂದು ಹಿಡಿದರೆ ಒಟ್ಟು 150 ವ್ಯಾಟ್. ನಾಲ್ಕು ಗಂಟೆಯ ಕಡಿತವನ್ನು ನಿಭಾಯಿಸಲು 600 ವ್ಯಾಟ್-ಗಂಟೆ, ಅಂದರೆ 0.6 ಯೂನಿಟ್ ಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1.8 ಯೂನಿಟ್ ಶೇಖರವಾಗುತ್ತದೆ. ಅದರ ಅರ್ಧವನ್ನಷ್ಟೇ ಬಳಸಿದರೂ ಸಾಕಾಗಿ ಮಿಗುತ್ತದೆ. ಚಾವಣಿಯ ಮೇಲೆ ಸೌರಫಲಕ ಅಳವಡಿಸಿದಲ್ಲಿ ವಿದ್ಯುತ್ ಬಿಲ್ಲೂ ಇಳಿಯುತ್ತದೆ. ಅಳವಡಿಸುವಾಗಲೇ ಬ್ಯಾಟರಿ ಬದಲಾವಣೆ ಮತ್ತು ಫಲಕದ ಸ್ವಚ್ಛತೆಯ ಹೊಣೆ ಯಾರದೆಂದು ನಿರ್ಣಯಿಸಬೇಕು. ನಿರ್ವಹಣೆಯಿಲ್ಲದೆ ಮೂಲೆ ಸೇರಿದ ಬ್ಯಾಟರಿಗಳು ಸರ್ಕಾರಿ ಕಟ್ಟಡಗಳಲ್ಲಿ ಅಪರೂಪವಲ್ಲ.

ಸಂಪರ್ಕ: ವಿಡಿಯೋ ಸಮಾಲೋಚನೆಗೆ ಅತಿವೇಗ ಬೇಕಿಲ್ಲ, ಕಡಿಯದ ಸಂಪರ್ಕ ಬೇಕು. ಭಾರತ್‌ನೆಟ್ ಆಪ್ಟಿಕಲ್ ಫೈಬರ್ ಪಂಚಾಯಿತಿ ಕಚೇರಿಯವರೆಗೆ ಬಂದಿರುವಲ್ಲಿ ಅದನ್ನು ಉಪಕೇಂದ್ರದವರೆಗೆ ವಿಸ್ತರಿಸುವ ಸಾಧ್ಯತೆಯನ್ನು ಪರಿಶೀಲಿಸಬಹುದು.

ಸ್ಥಳ: ಸಮಾಲೋಚನೆಗೆ ಬಾಗಿಲು ಅಥವಾ ಪರದೆಯಿರುವ ಪ್ರತ್ಯೇಕ ಜಾಗ ಬೇಕು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುವಂತಿದ್ದರೆ ಮಹಿಳೆಯರು ನಿಜವಾದ ತೊಂದರೆಯನ್ನು ಹೇಳುವುದಿಲ್ಲ. ಇಳಿಜಾರು ಹಾದಿ, ಶೌಚಾಲಯ, ಕೈ ತೊಳೆಯುವ ನೀರು ಇದರ ಭಾಗಗಳೇ.

ಸಿಬ್ಬಂದಿ: ಒಂದೇ ಮಾಹಿತಿಯನ್ನು ವಹಿಯಲ್ಲಿಯೂ ಹಲವು ಆ್ಯಪ್‌ಗಳಲ್ಲಿಯೂ ತುಂಬಬೇಕಾದ ಹೊರೆ ಕ್ಷೇತ್ರ ಸಿಬ್ಬಂದಿಯ ಮೇಲಿದೆ. ದಾಖಲೆಗೆ ಹೋಗುವ ಸಮಯ ಮನೆಭೇಟಿಯಿಂದ ಕಡಿತವಾಗುತ್ತದೆ ಎಂಬುದನ್ನು ಗ್ರಹಿಸಿ, ಅವರ ಸಮಸ್ಯೆಗಳನ್ನು ತಾಲ್ಲೂಕು ಮಟ್ಟಕ್ಕೆ ತಲುಪಿಸಬೇಕು.

ಈ ಕೆಲಸಗಳನ್ನು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಆರೋಗ್ಯಕರ ಗ್ರಾಮ ಎಂಬ ವಿಷಯದಡಿ ಸೇರಿಸಬಹುದು. ಸಣ್ಣ ಅಗತ್ಯಗಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಕ್ತ ನಿಧಿಯಿದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಕಳೆದ ತಿಂಗಳು ಉಪಕೇಂದ್ರದಲ್ಲಿ ಎಷ್ಟು ದೂರ ಸಮಾಲೋಚನೆಗಳು ನಡೆದವು? ವಿದ್ಯುತ್ ಅಥವಾ ಸಂಪರ್ಕವಿಲ್ಲದೆ ಎಷ್ಟು ದಿನ ನಿಂತಿದ್ದವು?
2. ಸಲಹೆ ಪಡೆದವರಿಗೆ ಬರೆದುಕೊಟ್ಟ ಔಷಧ ಕೇಂದ್ರದಲ್ಲಿಯೇ ದೊರೆಯಿತೇ?
3. ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಪತ್ತೆಯಾದವರಲ್ಲಿ ಎಷ್ಟು ಮಂದಿ ಚಿಕಿತ್ಸೆಯನ್ನು ಮುಂದುವರಿಸುತ್ತಿದ್ದಾರೆ?
4. ತೀವ್ರ ರಕ್ತಹೀನತೆಯ ಗರ್ಭಿಣಿಯರು ಎಷ್ಟು? ಅವರೆಲ್ಲರೂ ಮೇಲಿನ ಆಸ್ಪತ್ರೆಯನ್ನು ತಲುಪಿದ್ದಾರೆಯೇ?
5. ಈ ವರ್ಷದ ಕ್ಷಯ ಪರೀಕ್ಷೆಗಳ ಸಂಖ್ಯೆ ಪ್ರತಿ 1,000ಕ್ಕೆ 30ರ ಗುರಿಯನ್ನು ತಲುಪಿದೆಯೇ? ಪೌಷ್ಟಿಕ ನೆರವು ಬಾಕಿ ಇರುವವರು ಎಷ್ಟು?
6. ಅಳತೆಯ ಸಾಧನಗಳ ನಿಖರತೆಯನ್ನು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ? ಪರೀಕ್ಷಾ ಪಟ್ಟಿಗಳ ದಾಸ್ತಾನು ಮತ್ತು ಅವಧಿ ಏನು?
7. ಯಾವ ಬಡಾವಣೆ, ಹಾಡಿ, ತಾಂಡಾ, ಹಟ್ಟಿ ಅಥವಾ ತೋಟದ ಮನೆಗಳು ಇನ್ನೂ ತಪಾಸಣೆಯಿಂದ ಹೊರಗುಳಿದಿವೆ?

ಏಳನೆಯ ಪ್ರಶ್ನೆಗೆ ಯಾವ ತಂತ್ರಾಂಶವೂ ಉತ್ತರ ನೀಡುವುದಿಲ್ಲ. ದಾಖಲಾಗದವರು ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಫೋನ್ ಇಲ್ಲದವರು, ಆಧಾರ್ ಹೊಂದಾಣಿಕೆಯಾಗದವರು, ಹಾಸಿಗೆ ಹಿಡಿದವರು, ಬೆಳಗ್ಗೆ ಕೂಲಿಗೆ ಹೋಗಿ ರಾತ್ರಿ ಮರಳುವವರು ಯಾರು ಎಂಬುದು ತಿಳಿದಿರುವುದು ವಾರ್ಡಿನ ಸದಸ್ಯರಿಗೆ. ಅಂಥವರ ಮನೆಗಳನ್ನು ಪಟ್ಟಿ ಮಾಡಿ ಸಮುದಾಯ ಆರೋಗ್ಯ ಅಧಿಕಾರಿಗೆ ನೀಡುವುದು ಈ ಎಲ್ಲ ಸಾಧನಗಳು ಸಾರ್ಥಕವಾಗಲು ಮೊದಲು ಆಗಬೇಕಾದ ಕೆಲಸ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ, ಮೇಲಿನ ಪ್ರಶ್ನೆಗಳಿಗೆ ಉತ್ತರ ಪಡೆದು ನಡವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ.